ಶಿವಮೊಗ್ಗ ದೂರವಿದೆ, ಇಸಿಜಿ ಹತ್ತಿರವಿರಲಿ

(ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಕುಟುಂಬಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಈ ಸಭೆಗೆ ಕರೆ ಬಂದಾಗ ಶಿಕ್ಷಣದ ಬಗ್ಗೆಯೋ ಪ್ರಸಕ್ತ ರಾಜಕೀಯದ ಬಗ್ಗೆಯೋ ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದರು. ಅವರ ಅನುಮತಿ ಪಡೆದು ನಾನು ವಿಷಯವನ್ನು ಬದಲಿಸಿಕೊಂಡಿದ್ದೇನೆ. ಇಂದು ಎದೆನೋವಿನ ಕುರಿತು ಮಾತನಾಡಲು ಬಯಸುತ್ತೇನೆ. ನಾನು ವೈದ್ಯನಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಕಲಾ ಪದವಿ ಪಡೆದು, ಪತ್ರಿಕೆಗೆ ಬರೆಯುವವನು. ಆದರೆ ಈ ವಿಷಯ ವೈದ್ಯರಿಗೆ ಮಾತ್ರ ಸೇರಿದ್ದಲ್ಲ ಎಂಬುದನ್ನು ನಮ್ಮ ಕುಟುಂಬದ ಒಂದು ಮರಣ ನನಗೆ ಕಲಿಸಿತು.

ಸೊರಬ ತಾಲೂಕಿನ ಹಳ್ಳಿಯೊಂದರಲ್ಲಿ ನನ್ನ ಮಾಮು ಇದ್ದರು. ಶುಂಠಿ ಮತ್ತು ಜೋಳದ ವ್ಯಾಪಾರ ಮಾಡುತ್ತಿದ್ದರು. ವಯಸ್ಸು 51. ಒಂದು ದಿನ ಫಜ್ರ್ ನಮಾಝ್ ಮುಗಿಸಿ ಬಂದವರು, ಎದೆಯ ಮೇಲೆ ಕಲ್ಲು ಇಟ್ಟಂತಾಗುತ್ತಿದೆ ಎನ್ನುತ್ತಾ ಜಗುಲಿಯಲ್ಲಿ ಕುಳಿತುಬಿಟ್ಟರು. ಮೈಯೆಲ್ಲಾ ಬೆವರಿತ್ತು. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಬಿರಿಯಾನಿ ಉಂಡಿದ್ದರಿಂದ ಇದು ಗ್ಯಾಸ್ ಎಂದೇ ಮನೆಮಂದಿ ತೀರ್ಮಾನಿಸಿದರು. ಓಮದ ಕಷಾಯವಾಯಿತು, ಸೋಡಾ ಆಯಿತು, ಎದೆಗೆ ಮುಲಾಮು ಹಚ್ಚಿದ್ದಾಯಿತು. ದೊಡ್ಡ ಮಗ ಸೌದಿಯಲ್ಲಿದ್ದ. ಏನು ಮಾಡುವುದೆಂದು ಅವನಿಗೆ ಫೋನ್ ಮಾಡಿ ಕೇಳಲಾಯಿತು. ಮಾಮಿಗೆ ಭಯವಾಗಿತ್ತು. ಆದರೆ, "ಸ್ವಲ್ಪ ತಡೆಯೇ, ಈಗ ಕಡಿಮೆಯಾಗುತ್ತದೆ" ಎಂದು ಮಾಮು ಅವರನ್ನೇ ಸಮಾಧಾನಪಡಿಸುತ್ತಿದ್ದರು.

ಹೀಗೆ ಎರಡೂವರೆ ಗಂಟೆ ಕಳೆಯಿತು. ಆಮೇಲೆ ನೆರೆಮನೆಯವರ ಕಾರು ಬಂತು. ದೊಡ್ಡ ಆಸ್ಪತ್ರೆಗೇ ಹೋಗೋಣ, ಇಲ್ಲಿ ಸಮಯ ಹಾಳು ಮಾಡುವುದು ಬೇಡ ಎಂದು ನೇರವಾಗಿ ಶಿವಮೊಗ್ಗಕ್ಕೆ ಹೊರಟರು. ದಾರಿಯಲ್ಲಿ ಶಿರಾಳಕೊಪ್ಪ ಬಂತು, ಶಿಕಾರಿಪುರ ಬಂತು. ಎರಡೂ ಕಡೆ ಸರಕಾರಿ ಆಸ್ಪತ್ರೆಗಳಿವೆ. ಕಾರು ಎಲ್ಲಿಯೂ ನಿಲ್ಲಲಿಲ್ಲ. ಶಿವಮೊಗ್ಗ ಇನ್ನೂ ಅರ್ಧ ಗಂಟೆಯ ದಾರಿ ಇರುವಾಗ ಹಿಂದಿನ ಸೀಟಿನಲ್ಲಿ ಮಾಮಿಯ ಭುಜದ ಮೇಲೆ ಮಾಮು ತಲೆ ವಾಲಿಸಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಜನಾಝಾದ ದಿನ ಎಲ್ಲರೂ ಹೇಳಿದ್ದು ಒಂದೇ ಮಾತು: ಆಯುಷ್ಯ ಅಷ್ಟೇ ಇತ್ತು. ನಾನೂ ಅದನ್ನೇ ಹೇಳಿದೆ. ಮರಣದ ಸಮಯ ಅಲ್ಲಾಹನ ಜ್ಞಾನದಲ್ಲಿದೆ ಎಂಬ ಬಗ್ಗೆ ನಮ್ಮಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಆ ಎರಡೂವರೆ ಗಂಟೆ ಯಾರ ಕೈಯಲ್ಲಿತ್ತು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ನಾನು ಓದಿ ತಿಳಿದುಕೊಂಡಿದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಬಂಧುಗಳೇ, ಹೃದಯಾಘಾತವೆಂದರೇನು? ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದು. ನಮ್ಮ ಗದ್ದೆಗೆ ನೀರು ತರುವ ಕಾಲುವೆಗೆ ಮಣ್ಣು ಕುಸಿದು ಬಿದ್ದಂತೆ. ಮಣ್ಣನ್ನು ಬೇಗ ತೆಗೆದರೆ ಪೈರು ಉಳಿಯುತ್ತದೆ. ತಡವಾದಷ್ಟೂ ಒಣಗುತ್ತದೆ, ಒಣಗಿದ ಪೈರಿಗೆ ಆಮೇಲೆ ಎಷ್ಟು ನೀರು ಹಾಯಿಸಿದರೂ ಅದು ಚಿಗುರದು. ನಾಳ ಪೂರ್ತಿಯಾಗಿ ಮುಚ್ಚಿಹೋಗುವ ಬಗೆಯನ್ನು ವೈದ್ಯರು ಸ್ಟೆಮಿ ಎಂದು ಕರೆಯುತ್ತಾರೆ. ಇಸಿಜಿ ಕಾಗದದ ಮೇಲೆ ಅದರ ಗುರುತು ಸಾಮಾನ್ಯವಾಗಿ ಕಾಣಿಸುತ್ತದೆ.

ಮುಚ್ಚಿದ ದಾರಿಯನ್ನು ತೆರೆಯಲು ಎರಡು ವಿಧಾನಗಳಿವೆ. ಒಂದು, ಆ್ಯಂಜಿಯೋಪ್ಲಾಸ್ಟಿ. ಅದಕ್ಕೆ ಕ್ಯಾಥ್ ಲ್ಯಾಬ್ ಬೇಕು, ಹೃದ್ರೋಗ ತಜ್ಞರು ಬೇಕು. ಅದು ನಗರದಲ್ಲಿ ಮಾತ್ರ ಸಾಧ್ಯ. ಎರಡನೆಯದು, ಹೆಪ್ಪನ್ನು ಕರಗಿಸುವ ಇಂಜೆಕ್ಷನ್. ಅದನ್ನು ತಾಲೂಕು ಆಸ್ಪತ್ರೆಯಲ್ಲಿಯೂ ಕೊಡಬಹುದು. ವೈದ್ಯ ಲೋಕ ಒಪ್ಪಿಕೊಂಡಿರುವ ನಿಯಮ ಹೀಗಿದೆ: ರೋಗಿ ವೈದ್ಯರ ಬಳಿ ಬಂದ 10 ನಿಮಿಷಗಳೊಳಗೆ ಇಸಿಜಿ ಆಗಬೇಕು. ಸ್ಟೆಮಿ ಎಂದು ಖಚಿತವಾದ 120 ನಿಮಿಷಗಳೊಳಗೆ ಆ್ಯಂಜಿಯೋಪ್ಲಾಸ್ಟಿ ಮಾಡಲು ಸಾಧ್ಯವಿಲ್ಲವೆಂದಾದರೆ, ಕಾಯದೆ ಇಂಜೆಕ್ಷನ್ ಕೊಡಬೇಕು. ನಂತರ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಈ ಇಂಜೆಕ್ಷನ್‌ನಿಂದ 12 ಗಂಟೆಗಳವರೆಗೂ ಪ್ರಯೋಜನವಿದೆಯಾದರೂ, ಅತಿ ಹೆಚ್ಚಿನ ಲಾಭ ಮೊದಲ 2-3 ಗಂಟೆಗಳಲ್ಲಿ.

ಈಗ ನಮ್ಮ ಊರುಗಳ ಲೆಕ್ಕ ಮಾಡಿ ನೋಡಿ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಐವತ್ತು ಕಿಲೋಮೀಟರ್‌ಗೂ ಹೆಚ್ಚು ದೂರವಿದೆ. ಸೊರಬದಿಂದ ತೊಂಬತ್ತರ ಆಸುಪಾಸು. ಆನವಟ್ಟಿ, ಚಂದ್ರಗುತ್ತಿ ಕಡೆಯ ಹಳ್ಳಿಗಳಿಂದ ಇನ್ನೂ ಹೆಚ್ಚು. ರಾತ್ರಿ ಎರಡು ಗಂಟೆಗೆ, ಮಳೆಗಾಲದಲ್ಲಿ, ವಾಹನ ಹುಡುಕಿ, ನಗರ ತಲುಪಿ, ಅಲ್ಲಿ ದಾಖಲಾಗಿ, ತಜ್ಞರು ಬಂದು ನಾಳ ತೆರೆಯುವ ಹೊತ್ತಿಗೆ 120 ನಿಮಿಷ ಎಲ್ಲಿರುತ್ತದೆ? ಆದ್ದರಿಂದ ನಮ್ಮಂತಹ ತಾಲೂಕುಗಳ ಪಾಲಿಗೆ ಪ್ರಾಣ ಉಳಿಸುವ ಸ್ಥಳ ಶಿವಮೊಗ್ಗ ಮಾತ್ರವಲ್ಲ. ಮೊದಲ ಹೋರಾಟ ನಡೆಯಬೇಕಾದದ್ದು ಹತ್ತಿರದ ಆಸ್ಪತ್ರೆಯಲ್ಲಿಯೇ.

ಹಾಗಾದರೆ ಅದು ಯಾಕೆ ನಡೆಯುವುದಿಲ್ಲ? ಇಲ್ಲಿ ಒಂದು ಸೂಕ್ಷ್ಮವಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಎರಡು ಅಲಗಿನ ಕತ್ತಿ. ಕೆಲವರಿಗೆ, ಅಪರೂಪವಾಗಿಯಾದರೂ, ಅದರಿಂದ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಸರಿಯಾದ ರೋಗಿಗೆ ಕೊಟ್ಟರೆ ಜೀವದಾನ, ತಪ್ಪಿ ಬೇರೆಯವರಿಗೆ ಕೊಟ್ಟರೆ ಅನಾಹುತ. ರಾತ್ರಿ ಪಾಳಿಯಲ್ಲಿರುವ ಯುವ ವೈದ್ಯರ ಸ್ಥಿತಿಯನ್ನು ಊಹಿಸಿಕೊಳ್ಳಿ. ಅವರು ಹೃದ್ರೋಗ ತಜ್ಞರಲ್ಲ. ಕೈಯಲ್ಲಿ ಇಸಿಜಿ ಕಾಗದ, ಹೊರಗೆ ಆತಂಕಗೊಂಡ ಬಂಧುಗಳ ಗುಂಪು. ಏನಾದರೂ ಆದರೆ ಹೊಣೆ ಯಾರು? ಹೀಗಾಗಿ "ಕೂಡಲೇ ಶಿವಮೊಗ್ಗಕ್ಕೆ ಕರೆದೊಯ್ಯಿರಿ" ಎಂದು ಬರೆದುಕೊಡುವುದೇ ಅವರಿಗೆ ಸುರಕ್ಷಿತವೆನಿಸುತ್ತದೆ. ಕೊರತೆ ಇರುವುದು ಔಷಧದ್ದು ಮಾತ್ರವಲ್ಲ, ಆ ಗಳಿಗೆಯಲ್ಲಿ ಧೈರ್ಯ ಹೇಳುವ ತಜ್ಞರೊಬ್ಬರದ್ದು. ಟೆಲಿಮೆಡಿಸಿನ್ ಅಂದರೆ ದೂರವೈದ್ಯ ಪದ್ಧತಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಅದು ರೋಗಿಯನ್ನು ತಜ್ಞರ ಬಳಿಗೆ ಒಯ್ಯುವ ಬದಲು ತಜ್ಞರ ಕಣ್ಣನ್ನು ರೋಗಿಯ ಬಳಿಗೆ ತರುತ್ತದೆ.

ಇದು ಹೊಸ ಆಲೋಚನೆಯೇನಲ್ಲ. ಇಸಿಜಿ ಯಂತ್ರವನ್ನು ರೂಪಿಸಿದ ಹಾಲೆಂಡಿನ ವಿಜ್ಞಾನಿ ವಿಲ್ಲೆಮ್ ಐಂಥೋವನ್ 1905ರಲ್ಲಿಯೇ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತಗಳನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದರು. ಆ ಯಂತ್ರ ಎಷ್ಟು ಭಾರವಾಗಿತ್ತೆಂದರೆ ಅದನ್ನು ರೋಗಿಯ ಬಳಿಗೆ ಒಯ್ಯುವುದು ಸಾಧ್ಯವಿರಲಿಲ್ಲ. ಇಂದು ಅದೇ ಯಂತ್ರ ಕೈಚೀಲದಲ್ಲಿ ಹಿಡಿಸುತ್ತದೆ. ನಮ್ಮ ರಾಜ್ಯದಲ್ಲಿಯೂ ಇದಕ್ಕೆ ಇತಿಹಾಸವಿದೆ. 2000ದ ದಶಕದ ಆರಂಭದಲ್ಲಿಯೇ ಇಸ್ರೋದ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಗಿತ್ತು. ಅಂದು ಉಪಗ್ರಹ ಬೇಕಾಗಿದ್ದ ಕೆಲಸಕ್ಕೆ ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲ್ ಸಾಕು.

ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಇದನ್ನೇ ಮಾಡಿ ತೋರಿಸಿದರು. ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ ಎಂಬ ಅರ್ಥದ ಹೆಸರಿನಲ್ಲಿ ಅವರು ಆರಂಭಿಸಿದ ಕಾರ್ಯಕ್ರಮ ಕರಾವಳಿ ಮತ್ತು ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇಸಿಜಿ ಯಂತ್ರಗಳನ್ನು ಒದಗಿಸಿತು. ಹಳ್ಳಿಯ ವೈದ್ಯರು ಇಸಿಜಿಯ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುತ್ತಾರೆ, ತಜ್ಞರು ನೋಡಿ ಸಲಹೆ ಕೊಡುತ್ತಾರೆ. ನಾವು ಹಬ್ಬದ ಶುಭಾಶಯ ಮತ್ತು ಗಾಳಿಸುದ್ದಿಗಳನ್ನು ರವಾನಿಸುವ ಅದೇ ವಾಟ್ಸ್‌ಆ್ಯಪ್! ಒಂದೇ ಸಾಧನ, ಬಳಸುವವರ ಕೈಯಲ್ಲಿ ಎಷ್ಟು ವ್ಯತ್ಯಾಸ!

ನೆರೆಯ ತಮಿಳುನಾಡಿನಲ್ಲಿ ಇನ್ನೂ ವ್ಯವಸ್ಥಿತವಾದ ಪ್ರಯೋಗ ನಡೆಯಿತು. ಕ್ಯಾಥ್ ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಗಳನ್ನು ಕೇಂದ್ರವಾಗಿಟ್ಟು, ಸುತ್ತಲಿನ ಸಣ್ಣ ಆಸ್ಪತ್ರೆಗಳನ್ನು ಗಾಲಿಯ ಕಡ್ಡಿಗಳಂತೆ ಅದಕ್ಕೆ ಜೋಡಿಸಲಾಯಿತು. 2420 ರೋಗಿಗಳ ಮಾಹಿತಿಯನ್ನು ಒಳಗೊಂಡ ಅದರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿರುವಾಗಿನ ಸಾವಿನ ಪ್ರಮಾಣದಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಆದರೆ ಒಂದು ವರ್ಷದೊಳಗಿನ ಸಾವಿನ ಪ್ರಮಾಣ ಶೇ. 17.6ರಿಂದ ಶೇ. 14.2ಕ್ಕೆ ಇಳಿಯಿತು. ಅಂದರೆ ನೂರು ರೋಗಿಗಳಲ್ಲಿ ಮೂವರಿಗಿಂತ ಹೆಚ್ಚು ಮಂದಿ ಉಳಿದರು. ಅಂಕಿ ಸಣ್ಣದೆನಿಸಬಹುದು. ಆ ಮೂವರಲ್ಲಿ ಒಬ್ಬರು ನಮ್ಮ ಮನೆಯವರಾದರೆ?

ಕರ್ನಾಟಕ ಸರಕಾರವೂ ಇದೇ ಮಾದರಿಯನ್ನು ಕೈಗೆತ್ತಿಕೊಂಡಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. 2023ರಲ್ಲಿ ಘೋಷಿಸಲಾದ ಯೋಜನೆಗೆ ಅವರ ನೆನಪಿನಲ್ಲಿ 'ಹೃದಯ ಜ್ಯೋತಿ' ಎಂದು ಹೆಸರಿಡಲಾಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳೊಂದಿಗೆ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳನ್ನು ಜೋಡಿಸುವುದು ಅದರ ಸ್ವರೂಪ. ಎದೆನೋವೆಂದು ಬಂದವರಿಗೆ ಇಸಿಜಿ ಮಾಡಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಪರಿಶೀಲಿಸಿ, ಸ್ಟೆಮಿ ಎಂದಾದರೆ ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಬಾಳುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ನೀಡುವುದು ಅದರ ಕ್ರಮ. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವುಗಳು ವರದಿಯಾಗಿ ಜನರು ಭಯಭೀತರಾಗಿ ಮೈಸೂರಿನ ಜಯದೇವಕ್ಕೆ ಮುಗಿಬಿದ್ದಾಗ, ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ತನಿಖೆ ನಡೆಸಿತು. ಕೋವಿಡ್ ಲಸಿಕೆಯೇ ಕಾರಣವೆಂಬ ವದಂತಿಗೆ ಸಮಿತಿಗೆ ಆಧಾರ ಸಿಗಲಿಲ್ಲ. ಆ ಸಂದರ್ಭದಲ್ಲಿಯೇ ಹೃದಯ ಜ್ಯೋತಿಯನ್ನು ರಾಜ್ಯದ ಎಲ್ಲ ತಾಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಆರೋಗ್ಯ ಸಚಿವರು ಪ್ರಕಟಿಸಿದರು.

ಎಲ್ಲ ತಾಲೂಕು ಆಸ್ಪತ್ರೆಗಳು ಎಂದರೆ ಶಿಕಾರಿಪುರವೂ ಸೇರಿತು, ಸೊರಬವೂ ಸೇರಿತು. ಘೋಷಣೆ ಸರಕಾರದ್ದು, ಅದನ್ನು ಕೇಳಿ ಪಡೆಯುವುದು ನಾಗರಿಕರದ್ದು. ಯಂತ್ರವೊಂದು ಆಸ್ಪತ್ರೆಗೆ ಬಂದು, ರಿಬ್ಬನ್ ಕತ್ತರಿಸಿ, ಫೋಟೋ ಪತ್ರಿಕೆಯಲ್ಲಿ ಪ್ರಕಟವಾದರೆ ಜೀವ ಉಳಿಯುವುದಿಲ್ಲ. ಸಂಜೆ ಐದು ಗಂಟೆಗೆ ಆ ಕೋಣೆಗೆ ಬೀಗ ಬೀಳುವುದಾದರೆ, ಕಾಗದದ ಸುರುಳಿ ಮುಗಿದು ವಾರವಾಗಿದ್ದರೆ, ಕರೆಂಟ್ ಹೋದಾಗ ಯಂತ್ರವೂ ಮಲಗುವುದಾದರೆ ಆ ಯಂತ್ರ ಇದ್ದೂ ಇಲ್ಲದಂತೆ. ಆದ್ದರಿಂದ ನಾವು ಆರು ಪ್ರಶ್ನೆಗಳನ್ನು ಹಿಡಿದು ತಾಲೂಕು ಆರೋಗ್ಯಾಧಿಕಾರಿಗಳ ಬಳಿ ವಿನಯದಿಂದ ಹೋಗಬೇಕು. ಇಸಿಜಿ 24 ಗಂಟೆಯೂ ಲಭ್ಯವಿದೆಯೇ? ರಾತ್ರಿ ಅದನ್ನು ಮಾಡುವವರು ಯಾರು? ಅದನ್ನು ಓದಿ ಸಲಹೆ ಕೊಡುವ ಕೇಂದ್ರ ಯಾವುದು? ಇಂಜೆಕ್ಷನ್ ದಾಸ್ತಾನು ಇದೆಯೇ? ಅದನ್ನು ಕೊಡಲು ವೈದ್ಯರಿಗೆ ತರಬೇತಿಯಾಗಿದೆಯೇ? ಕೊಟ್ಟ ನಂತರ ಒಯ್ಯಲು ಆ್ಯಂಬುಲೆನ್ಸ್ ಸಿದ್ಧವಿದೆಯೇ?

ಈ ನಿಯೋಗದಲ್ಲಿ ಮಸೀದಿ ಕಮಿಟಿಯವರು ಮಾತ್ರ ಇರಬೇಕಾಗಿಲ್ಲ. ದೇವಸ್ಥಾನದ ಸಮಿತಿಯವರು, ರೈತ ಸಂಘದವರು, ಆಟೋ ಚಾಲಕರು ಎಲ್ಲರೂ ಇರಲಿ. ಹೃದಯದ ನಾಳ ಮುಚ್ಚುವಾಗ ಜಾತಿ, ಧರ್ಮ, ಪಕ್ಷ ನೋಡುವುದಿಲ್ಲ. ಈ ಎರಡು ತಾಲೂಕುಗಳು ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದಿಂದ ಬಂಗಾರಪ್ಪನವರು, ಶಿಕಾರಿಪುರದಿಂದ ಯಡಿಯೂರಪ್ಪನವರು. ರಾಜಕೀಯವಾಗಿ ಇಷ್ಟು ಎಚ್ಚರವಿರುವ ನೆಲ ಆರೋಗ್ಯದ ವಿಷಯದಲ್ಲಿಯೂ ಎಚ್ಚರವಾಗಿರಲಿ.

ಆರೋಗ್ಯವೂ ನ್ಯಾಯದ ಪ್ರಶ್ನೆಯೇ ಎನ್ನಲು ಬಲವಾದ ಪುರಾವೆಯಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರ ನೇತೃತ್ವದಲ್ಲಿ ದೇಶದ 89 ಆಸ್ಪತ್ರೆಗಳ 20,468 ಹೃದ್ರೋಗಿಗಳ ಅಧ್ಯಯನ ನಡೆದು 2008ರಲ್ಲಿ ಪ್ರಕಟವಾಯಿತು. ಅದೇ ಕಾಲೇಜಿನಲ್ಲಿ ಕಲಿತು ಕೆನಡಾದಲ್ಲಿ ನೆಲೆಸಿದ, ಕೇರಳ ಮೂಲದ ಖ್ಯಾತ ಹೃದ್ರೋಗ ತಜ್ಞ ಡಾ. ಸಲೀಮ್ ಯೂಸುಫ್ ಕೂಡಾ ಅದರಲ್ಲಿ ಪಾಲ್ಗೊಂಡಿದ್ದರು. ಅದು ಹೇಳಿದ್ದೇನು? ನೋವು ಶುರುವಾಗಿ ಆಸ್ಪತ್ರೆ ಸೇರುವ ಹೊತ್ತಿಗೆ ಅರ್ಧದಷ್ಟು ರೋಗಿಗಳಿಗೆ 6 ಗಂಟೆ ಕಳೆದುಹೋಗಿತ್ತು. ಆ್ಯಂಬುಲೆನ್ಸ್‌ನಲ್ಲಿ ಬಂದವರು ನೂರಕ್ಕೆ ಐದಾರು ಮಂದಿ ಮಾತ್ರ. 30 ದಿನಗಳೊಳಗೆ ಶ್ರೀಮಂತರಲ್ಲಿ ಶೇ. 5.5 ಮಂದಿ ಸತ್ತರೆ, ಬಡವರಲ್ಲಿ ಶೇ. 8.2 ಮಂದಿ ಸತ್ತರು. ಬಡವರ ರೋಗ ಹೆಚ್ಚು ಭೀಕರವಾಗಿತ್ತೇ? ಇಲ್ಲ. ಸಿಕ್ಕಿದ ಚಿಕಿತ್ಸೆಯನ್ನು ಸಮನಾಗಿಟ್ಟು ಲೆಕ್ಕ ಹಾಕಿದಾಗ ಆ ವ್ಯತ್ಯಾಸವೇ ಮಾಯವಾಯಿತು. ಬಡವನನ್ನು ಕೊಂದದ್ದು ಅವನ ಹೃದಯವಲ್ಲ, ಅವನಿಗೆ ಸಿಗದೇ ಹೋದ ಚಿಕಿತ್ಸೆ. ಇದನ್ನು ವಿಧಿ ಎಂದು ಕರೆಯುವುದು ವಿಧಿಯ ಮೇಲೆ ನಾವು ಹೊರಿಸುವ ಆರೋಪವಾಗುತ್ತದೆ.

ಆದರೆ ಆ 6 ಗಂಟೆಗಳ ಹೊಣೆಯನ್ನು ಸರಕಾರದ ಮೇಲೆ ಮಾತ್ರ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಾಮುವಿನ ಎರಡೂವರೆ ಗಂಟೆ ಕಳೆದದ್ದು ನಮ್ಮ ಜಗುಲಿಯಲ್ಲಿ. ಜಗತ್ತಿನ ಅತ್ಯುತ್ತಮ ಟೆಲಿಮೆಡಿಸಿನ್ ಕೂಡಾ ಆಸ್ಪತ್ರೆಯ ಬಾಗಿಲಿನಿಂದ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಬಾಗಿಲಿನ ತನಕ ಬರುವುದು ನಮ್ಮ ಕೆಲಸ.

ಆದ್ದರಿಂದ ಮನೆಮನೆಯಲ್ಲಿ ಈ ಮಾತುಗಳು ತಿಳಿದಿರಲಿ. ಎದೆಯಲ್ಲಿ ಭಾರ, ಒತ್ತಡ, ಉರಿ. ಎಡಗೈ, ಕುತ್ತಿಗೆ, ದವಡೆ ಅಥವಾ ಬೆನ್ನಿಗೆ ಹರಡುವ ನೋವು. ತಣ್ಣನೆಯ ಬೆವರು, ಉಸಿರಾಟದ ತೊಂದರೆ, ವಾಂತಿ ಬಂದಂತಾಗುವುದು. ಇವು ಕಂಡರೆ ಗ್ಯಾಸ್ ಎಂದು ನಿರ್ಧರಿಸುವ ಅಧಿಕಾರ ನಮಗಿಲ್ಲ. ಅದನ್ನು ಇಸಿಜಿ ಹೇಳಲಿ. ಮೊದಲ ಇಸಿಜಿ ಸರಿಯಾಗಿದ್ದರೂ ನೋವು ಮುಂದುವರಿದರೆ ಮತ್ತೊಮ್ಮೆ ಮಾಡಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಮಹಿಳೆಯರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರುಗಟ್ಟುವಿಕೆಯಾಗಿಯೂ ಇದು ಬರಬಹುದು. 108ಕ್ಕೆ ಕರೆ ಮಾಡಿ. ಆ್ಯಂಬುಲೆನ್ಸ್ ತಡವಾಗುವುದಾದರೆ ಸಿಕ್ಕಿದ ವಾಹನದಲ್ಲಿ ಹೊರಡಿ. ಆದರೆ ರೋಗಿಯನ್ನು ಬೈಕಿನಲ್ಲಿ ಕೂರಿಸಬೇಡಿ, ನಡೆಸಬೇಡಿ. ಇಸಿಜಿ ಮತ್ತು ಇಂಜೆಕ್ಷನ್ ಇರುವ ಅತಿ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಅದು ಯಾವುದೆಂದು ಇಂದೇ ತಿಳಿದುಕೊಳ್ಳಿ, ಎದೆನೋವು ಬಂದ ರಾತ್ರಿ ಹುಡುಕಬೇಡಿ.

ತಾಯಂದಿರೇ, ನಿಮಗೊಂದು ವಿಶೇಷ ಮಾತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ತಮ್ಮ ನೋವನ್ನು ಕೊನೆಗೆ ಹೇಳುತ್ತಾರೆ. ಅಡುಗೆ ಮುಗಿಯಲಿ, ಮಕ್ಕಳು ಶಾಲೆಗೆ ಹೋಗಲಿ, ಗಂಡಸರು ಬರಲಿ ಎಂದು ಕಾಯುತ್ತಾರೆ. ಇಸಿಜಿಗೆ ಎದೆಯ ಮೇಲೆ ತಂತಿ ಅಂಟಿಸಬೇಕಾಗುತ್ತದೆ ಎಂಬ ಸಂಕೋಚವೂ ಇದೆ. ನರ್ಸ್ ಇದ್ದರೆ ಅವರಿಂದಲೇ ಮಾಡಿಸಿ, ಪರದೆ ಎಳೆಯಲು ಹೇಳಿ, ಅದು ನಿಮ್ಮ ಹಕ್ಕು. ಇಲ್ಲದಿದ್ದರೂ ತಡ ಮಾಡಬೇಡಿ. ಪ್ರಾಣ ಅಪಾಯದಲ್ಲಿರುವಾಗ ಚಿಕಿತ್ಸೆಗಾಗಿ ಶರೀಅತ್ ಕೊಟ್ಟಿರುವ ವಿನಾಯಿತಿಯನ್ನು ಸಂಕೋಚ ಕಿತ್ತುಕೊಳ್ಳದಿರಲಿ. ಗಂಡಸರೇ, ಮನೆಯೊಡತಿ ಸುಸ್ತು ಎಂದಾಗ ಅದನ್ನು ಎರಡನೆಯ ಸಲ ಹೇಳಿಸಬೇಡಿ.

ಯುವಕರು ಸಿಪಿಆರ್ ಕಲಿಯಲಿ. ಕುಸಿದು ಬಿದ್ದು ಉಸಿರು ನಿಂತವನ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುವ ಈ ವಿದ್ಯೆಯನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಮದ್ರಸದ ಅಂಗಳದಲ್ಲಿ ಅಂತಹ ಒಂದು ತರಬೇತಿ ನಡೆದರೆ ಅದು ಕೂಡಾ ಇಲ್ಮ್ ಎಂದೇ ನಾನು ಭಾವಿಸುತ್ತೇನೆ. ಮತ್ತೊಂದು ಮಾತು: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿನಲ್ಲಿ ಬರುತ್ತದೆ, ಇತರರಿಗೆ ಸುಮಾರು 59ರಲ್ಲಿ ಎಂದು 52 ದೇಶಗಳಲ್ಲಿ ಡಾ. ಯೂಸುಫ್ ನೇತೃತ್ವದಲ್ಲಿ ನಡೆದ ಅಧ್ಯಯನ ಕಂಡುಕೊಂಡಿತು. ಹೊಗೆಸೊಪ್ಪು, ಬೀಡಿ, ಪರೀಕ್ಷಿಸದ ಬಿಪಿ, ಲೆಕ್ಕಿಸದ ಸಕ್ಕರೆ, ಇವುಗಳನ್ನು ಬಿಟ್ಟು ಯಂತ್ರವನ್ನು ಮಾತ್ರ ನಂಬುವುದು ಬುದ್ಧಿವಂತಿಕೆಯಲ್ಲ.

ತವಕ್ಕುಲ್ ಎಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ನಮ್ಮ ಪಾಲಿನ ಕೆಲಸವನ್ನು ಮುಗಿಸಿ, ಫಲಿತಾಂಶವನ್ನು ಒಡೆಯನಿಗೆ ಬಿಡುವುದು. ಮಾಮುವಿಗೆ ಇಂಜೆಕ್ಷನ್ ಸಿಕ್ಕಿದ್ದರೆ ಅವರು ಉಳಿಯುತ್ತಿದ್ದರೇ? ಅದನ್ನು ಯಾರೂ ಹೇಳಲಾರರು. ಆದರೆ ಅವರು ಶಿಕಾರಿಪುರವನ್ನು ದಾಟಿ ಹೋಗಬೇಕಾಗಿರಲಿಲ್ಲ. ಇಂದಿಗೂ ಆ ರಸ್ತೆಯಲ್ಲಿ ಹೋಗುವಾಗ ಮಾಮಿ ಕಾರಿನ ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಾರೆ.

ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಒಂದು ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿ 108 ಎಂದು ಬರೆಯಿರಿ. ಅದರ ಕೆಳಗೆ ಹತ್ತಿರದ ಇಸಿಜಿ ಇರುವ ಆಸ್ಪತ್ರೆಯ ಹೆಸರು, ಅದರ ಕೆಳಗೆ ರಾತ್ರಿ ಕರೆದರೆ ಬರುವ ವಾಹನದವರ ನಂಬರು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಆಸ್ಪತ್ರೆಯ ಹೆಸರು ಬರೆಯಲು ಗೊತ್ತಾಗದಿದ್ದರೆ, ಅಂದೇ ನಮ್ಮ ನಿಯೋಗ ಹೊರಡಬೇಕೆಂದು ತಿಳಿಯಿರಿ.

ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಕಾಪಾಡಲಿ. ನಮ್ಮ ಪಾಲಿನ ಕರ್ತವ್ಯವನ್ನು ನೆರವೇರಿಸುವ ಭಾಗ್ಯವನ್ನೂ ಕರುಣಿಸಲಿ.